ಕೊನೆಯ ಸಾಲಿನ ಟವೆಲ್

ಮೂಡಲಪಾಳ್ಯ, ಬೆಂಗಳೂರು
26 ನವೆಂಬರ್ 2025, ಬುಧವಾರ

ಚಿ. ಕವನಾಳಿಗೆ,

ನಿನ್ನಪ್ಪ ಮುನಿರಾಜುವಿನ ಆಶೀರ್ವಾದಗಳು. ನೀನೂ ನಿನ್ನ ಜೊತೆ ಬಾರಿಸುವ ಇಬ್ಬರೂ ಪುಣೆಯಲ್ಲಿ ಹೊತ್ತು ಹೊತ್ತಿಗೆ ಊಟ ಮಾಡಿಕೊಂಡು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಮಂಡಿ ನೋವು ಬಿಟ್ಟರೆ ಸಕ್ಕರೆಯೂ ಇಲ್ಲ, ಬಿಪಿಯೂ ಇಲ್ಲ. ನಾಲ್ಕು ವರ್ಷದ ಮೇಲೆ ಬರೆಯುತ್ತಿರುವ ಕಾಗದ ಇದು. ತಡವಾಯಿತು, ಹೊಟ್ಟೆಗೆ ಹಾಕಿಕೋ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಯಾಕೆ ಮಾಡಲಿಲ್ಲ ಎಂದು ಹೇಳುವುದಕ್ಕೇ ಈ ಕಾಗದ. ಎಂಟನೇ ತಾರೀಖಿನವರೆಗೂ ನೀನು ಸ್ನೇಹಿತೆಯ ಮನೆಯಲ್ಲೇ ಇರುತ್ತೀಯ ಎಂದು ಶಿಲ್ಪಾ ವಿಳಾಸ ಬರೆದುಕೊಟ್ಟಿದ್ದಾಳೆ.

ಶಿಲ್ಪಾ ಗಟ್ಟಿಗಿತ್ತಿ ಕಣೇ. ನಮ್ಮ ಮೈಕ್ ಸೆಟ್ ಅಂಗಡಿಯ ಮೇಲಿನ ಗೋಡೌನನ್ನು ಬಾಡಿಗೆಗೆ ಹಿಡಿದು ಏನು ಮಾಡುತ್ತಾಳೋ ಎಂದುಕೊಂಡಿದ್ದೆ. ನೀನು ನೋಡಿದ್ದಾಗ ಅಲ್ಲಿ ಶಾಮಿಯಾನದ ಬಟ್ಟೆ, ತುಕ್ಕು ಹಿಡಿದ ಹಾರ್ನುಗಳು, ಇಲಿ ಇದ್ದವು. ಈಗ ಅದಕ್ಕೆ ‘ಅಟ್ಟ’ ಎಂದು ಹೆಸರು. ಎಪ್ಪತ್ತು ಜನ ಹಿಡಿಸಿದರೆ ಹೆಚ್ಚು. ಬೇರೆ ಬೇರೆ ಊರಿಂದ ನಿನ್ನಂಥವರು ತಮ್ಮದೇ ಹಾಡು ಕಟ್ಟಿಕೊಂಡು ಬಂದು ಹಾಡುತ್ತಾರೆ. ಜನ ಚಾಪೆಯ ಮೇಲೆ ಕೂತು ಮಾತಿಲ್ಲ ಕತೆಯಿಲ್ಲದೆ ಕೇಳುತ್ತಾರೆ. ಮೂವತ್ತು ವರ್ಷ ಗಣೇಶನ ಪೆಂಡಾಲಿಗೆ ಮೈಕ್ ಕಟ್ಟಿದ ನನಗೆ ಮೊದಮೊದಲು ಸಾವಿನ ಮನೆಯ ಹಾಗೆ ಕಂಡಿತ್ತು. ಈಗ ಅಭ್ಯಾಸವಾಗಿದೆ. ಮೆಟ್ಟಿಲ ಬಾಯಿಗೆ ಮುಂದಿನ ಕಾರ್ಯಕ್ರಮಗಳ ಪೋಸ್ಟರ್ ಅಂಟಿಸಿದ್ದಾರೆ. ಈ ಶನಿವಾರ ಗದಗದ ಕಡೆಯ ಫಕೀರೇಶ, ಮುಂದಿನ ವಾರ ಕೊಚ್ಚಿಯ ಮೂವರು, ಹದಿಮೂರನೇ ತಾರೀಖು ಸಂಜೆ ಆರಕ್ಕೆ ನೀನು. ದಿನಾ ಹಾಲು ತರಲು ಹೋಗುವಾಗ ನಿನ್ನ ಮುಖದ ಮುಂದೆಯೇ ಹೋಗುತ್ತೇನೆ. ಮೂಗು ನಿಮ್ಮಮ್ಮ ಸತ್ಯವತಿಯದೇ.

ಮೊನ್ನೆ ಸೋಮವಾರ ಶಿಲ್ಪಾ ಅಂಗಡಿಗೆ ಇಳಿದು ಬಂದಳು. “ಅಂಕಲ್, ಕವನಾ ಮೆಸೇಜ್ ಮಾಡಿದಾಳೆ, ಓದ್ತೀನಿ ಕೇಳಿ” ಎಂದಳು. “ನೀನು ಓದೋದು ಬೇಡ, ಇಲ್ಲಿ ಕೊಡಮ್ಮ” ಎಂದು ಫೋನ್ ಕಸಿದುಕೊಂಡೆ. “ಸೌಂಡ್ ನಮ್ಮಪ್ಪನೇ ಮಾಡ್ಲಿ. ಬೇರೆ ಯಾರೂ ಬೇಡ. ಮೈಕ್ ಚೆಕ್ ಮಾಡೋವಾಗ ಕೊನೇ ಸಾಲಲ್ಲಿ ನಿಂತು ಟವೆಲ್ ಎತ್ತಿದ್ರೆ ಸಾಕು.” ಮೂರು ಸಲ ಓದಿದೆ. ಕಣ್ಣಲ್ಲಿ ನೀರು ಬಂತು. ವೈರ್ ಬೆಸೆಯುವ ಹೊಗೆಯ ಮೇಲೆ ತಪ್ಪು ಹಾಕಿದೆ.

ನಾನು ಮರೆತಿದ್ದೇನೆ ಎಂದುಕೊಂಡೆಯಾ? ಬೇರೆ ಮೈಕ್ ಸೆಟ್ಟಿನವರೆಲ್ಲ ಒನ್ ಟೂ ತ್ರೀ ಎನ್ನುತ್ತಿದ್ದ ಕಾಲದಲ್ಲಿ ನೀನು ಐದು ವರ್ಷದವಳು ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, “ಅಪ್ಪಾ, ಕೇಳಿಸ್ತಾ ಇದ್ಯಾ?” ಎನ್ನುತ್ತಿದ್ದೆ. ನಾನು ಕೊನೆಯ ಕುರ್ಚಿಯ ಹಿಂದೆ ನಿಂತಿರುತ್ತಿದ್ದೆ. ಕೇಳಿಸಿದರೆ ಟವೆಲ್ ಎತ್ತಬೇಕು, ಕೇಳಿಸದಿದ್ದರೆ ಕಿವಿಗೆ ಕೈ ಇಡಬೇಕು. ಕಿವಿಗೆ ಕೈ ಎಂದರೆ ಇನ್ನೂ ಏರಿಸು ಎಂದು. ನಿನಗೆ ಅಕ್ಷರ ಬರುವ ಮೊದಲೇ ಆ ಭಾಷೆ ಬರುತ್ತಿತ್ತು.

ಮುನಿಸಿಕೊಂಡು ಹೋದವಳು ಇಷ್ಟಾದರೂ ಬಾಗಿಲು ತೆರೆದಿದ್ದೀಯ. ಅಮ್ಮ ಬಚ್ಚಲಲ್ಲಿ ಬಿದ್ದ ದಿನ ನಾನು ಅವಳೊಬ್ಬಳನ್ನೇ ಬಿಟ್ಟು ದೀಪಾಂಜಲಿ ನಗರದ ಪ್ರೋಗ್ರಾಮಿಗೆ ಹೋಗಿದ್ದೆ ಎಂಬುದು ನಿನ್ನ ಸಿಟ್ಟು. “ಊರೋರ ಫಂಕ್ಷನ್‌ಗೆಲ್ಲ ಮೈಕ್ ಕಟ್ಟೋಕೆ ನಿಂಗೆ ಟೈಮಿರತ್ತೆ, ಅಮ್ಮನ್ನ ನೋಡ್ಕೊಳ್ಳೋಕೆ ಮಾತ್ರ ಇರಲ್ಲ” ಎಂದು ಬಂಧುಗಳೆಲ್ಲರ ಮುಂದೆ ಅಂದೆ. ಹನ್ನೊಂದನೇ ದಿನದ ಕಾರ್ಯ ಮುಗಿದಿದ್ದೇ ತಡ, ಗಿಟಾರ್ ಎತ್ತಿಕೊಂಡು ಹೊರಟೆ. ನಾನೂ ತಡೆಯಲಿಲ್ಲ.

ಇಷ್ಟಾದ ಮೇಲೆ ನೀನು ಕರೆದರೆ ನಾನು ಕುಣಿದುಕೊಂಡು ಹ್ಞೂಂ ಎನ್ನಬೇಕಿತ್ತು. ಶಿಲ್ಪಾಳಿಗೆ “ನೋಡೋಣಮ್ಮ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅವಳು ಬಿಡುವವಳಲ್ಲ. “ಸೋಮವಾರದೊಳಗೆ ಹೇಳಿ ಅಂಕಲ್. ಇಲ್ಲಾಂದ್ರೆ ಕೆಂಗೇರಿಯಿಂದ ಕೀರ್ತನಾನ ಬರ್ಸ್ಬೇಕು” ಎಂದಳು. ಕೀರ್ತನಾ ಎಂದರೆ ಅಟ್ಟದಲ್ಲಿ ಮಾಮೂಲಿಗೆ ಸೌಂಡ್ ನೋಡಿಕೊಳ್ಳುವ ಹುಡುಗಿ.

ಸುತ್ತಿ ಬಳಸಿ ಯಾಕೆ ಬರೆಯಲಿ. ನನಗೆ ಕಿವಿ ಕೇಳಿಸುವುದಿಲ್ಲ, ಕವನಾ. ಪೂರ್ತಿ ಕಿವುಡನಲ್ಲ. ದಪ್ಪ ದನಿ ಕೇಳಿಸುತ್ತದೆ, ಚೂಪಾದದ್ದು ಕೇಳಿಸುವುದಿಲ್ಲ. ಕುಕ್ಕರ್ ವಿಶಲ್ ಇಲ್ಲ, ಕರೆಗಂಟೆ ಇಲ್ಲ, ಫೋನಿನ ರಿಂಗ್ ಇಲ್ಲ. ಕುಕ್ಕರ್ ಇಟ್ಟು ಗಡಿಯಾರ ನೋಡುತ್ತಾ ಕೂರುತ್ತೇನೆ, ಮೈಮರೆತರೆ ಅನ್ನ ತಳ ಹಿಡಿಯುತ್ತದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ. ಮುನಿಸಿದ್ದರೂ ಯುಗಾದಿಗೆ, ಗೌರಿ ಹಬ್ಬಕ್ಕೆ ನೀನು ಫೋನ್ ಮಾಡುತ್ತಿದ್ದೆ. ಜೇಬಿನಲ್ಲಿ ಅದುರಿದ್ದು ಗೊತ್ತಾಗಿ ಎತ್ತಿದರೆ, ಆ ಕಡೆಯಿಂದ ನನಗೆ ಗುಂಯ್ ಎನ್ನುವುದಷ್ಟೇ ಕೇಳಿಸುತ್ತಿತ್ತು. ಅದಕ್ಕೇ “ಹ್ಞೂಂ, ಸರಿ, ಇಡ್ತೀನಿ” ಎನ್ನುತ್ತಿದ್ದೆ. ಅಪ್ಪನಿಗೆ ಇನ್ನೂ ಕೊಬ್ಬು ಇಳಿದಿಲ್ಲ ಎಂದು ನೀನು ಅಂದುಕೊಂಡಿರುತ್ತೀಯ. ಶಿಲ್ಪಾ ತನ್ನ ಫೋನಿನಲ್ಲಿ ನಿನ್ನ ಹೊಸ ಹಾಡು ಹಾಕಿ ಕೊಟ್ಟಳು. ಡ್ರಮ್ ಕೇಳಿಸಿತು. ತಲೆದೂಗಿ “ಚೆನ್ನಾಗಿ ಹಾಡ್ತಾಳೆ” ಎಂದೆ.

ಐದಾರು ವರ್ಷವಾಯಿತು ಇದು ಶುರುವಾಗಿ. ವಿಜಯನಗರದ ಡಾಕ್ಟರಮ್ಮ “ಏನ್ ಕೆಲ್ಸ ಮಾಡ್ತೀರ?” ಎಂದು ಕೇಳಿದರು. ಮೈಕ್ ಸೆಟ್ ಎಂದೆ. ಅವರು ಮುಂದೇನೂ ಕೇಳದೆ ಕಿವಿಗೆ ಮಿಷನ್ ಬರೆದುಕೊಟ್ಟರು. ಕಿವಿ ಮಿಷನ್ ಹಾಕಿಕೊಂಡು ಮಿಕ್ಸರ್ ಮುಂದೆ ಕೂತವನಿಗೆ ಯಾರು ಪ್ರೋಗ್ರಾಂ ಕೊಡುತ್ತಾರೆ? ಇಲ್ಲಿಂದ ಚಂದ್ರಾ ಲೇಔಟಿನವರೆಗೂ ಆಡಿಕೊಂಡು ನಗುತ್ತಾರೆ. ಚೀಟಿಯನ್ನು ಮಡಚಿ ಬೀರುವಿನಲ್ಲಿಟ್ಟೆ, ಯಾರಿಗೂ ಹೇಳಲಿಲ್ಲ.

ಈಗ ಒಲ್ಲೆ ಎಂದರೆ ಅಪ್ಪ ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟ ಎನ್ನುತ್ತೀಯ. ಹ್ಞೂಂ ಎಂದರೆ ಎಪ್ಪತ್ತು ಜನರ ಮುಂದೆ ನಿನ್ನ ಹಾಡು ಕೆಡಿಸಿಬಿಡುತ್ತೇನೋ ಎಂಬ ದಿಗಿಲು. ಅದಕ್ಕೊಂದು ಉಪಾಯ ಮಾಡಿದ್ದೇನೆ. ಶನಿವಾರದ ಫಕೀರೇಶನ ಹಾಡಿಗೆ ಸೌಂಡ್ ನಾನು ಮಾಡುತ್ತೇನೆಂದು ಶಿಲ್ಪಾಳನ್ನು ಒಪ್ಪಿಸಿದ್ದೇನೆ. ಕೈಗೆ ಮೂವತ್ತು ವರ್ಷದ ರೂಢಿಯಿದೆ, ಕಣ್ಣಿಗೆ ದನಿ ಮೀರಿದರೆ ಕೆಂಪಾಗುವ ಮಿಕ್ಸರಿನ ದೀಪಗಳಿವೆ. ಅದು ಸಲೀಸಾಗಿ ಮುಗಿದರೆ ನಿನ್ನದಕ್ಕೂ ಕೂರುತ್ತೇನೆ, ಈ ಕಾಗದ ಹರಿದು ಹಾಕುತ್ತೇನೆ. ಅಲ್ಲಿಯತನಕ ಪೋಸ್ಟ್ ಮಾಡುವುದಿಲ್ಲ.

30 ನವೆಂಬರ್, ಭಾನುವಾರ ಬೆಳಿಗ್ಗೆ

ಕಾಗದ ಹರಿಯಲಿಲ್ಲ. ನಡೆದದ್ದು ಬರೆಯುತ್ತೇನೆ.

ಫಕೀರೇಶ ಮಧ್ಯಾಹ್ನವೇ ಬಂದ. ಒಂದು ಗಿಟಾರು, ಒಂದು ಏಕತಾರಿ, ಹೆಗಲಿಗೊಂದು ಚೀಲ. ಎದುರಿಗೆ ಬಂದು ನಿಂತು, “ಯಜಮಾನ್ರ, ನನ್ನ ದನಿ ಸಣ್ಣದೈತ್ರಿ. ಸ್ವಲ್ಪ ಮ್ಯಾಲ ಇಡ್ರಿ” ಎಂದ. ಆಯಿತಪ್ಪ ಎಂದೆ. ಹಾಲ್ ಖಾಲಿ ಇದ್ದಾಗ ಚೆಕ್ ಮಾಡಿದೆವು. ದೀಪಗಳು ಹಸಿರು ದಾಟಲಿಲ್ಲ, ಅವನೂ ಹೆಬ್ಬೆರಳು ಎತ್ತಿದ. ಆರು ಗಂಟೆಗೆ ಜನ ತುಂಬಿದರು, ದೀಪ ಆರಿಸಿದರು. ಎರಡು ಹಾಡು ಚಕಚಕ ಮುಗಿದವು, ಜನ ಚಪ್ಪಾಳೆ ತಟ್ಟಿದರು. ಮೂವತ್ತು ವರ್ಷದ ಕೈ ಸುಮ್ಮನೇನಾ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಹದಿಮೂರನೇ ತಾರೀಖಿಗೆ ಯಾವ ಟವೆಲ್ ತರಲಿ ಎಂದು ಕೂಡ ಯೋಚಿಸಿದೆ, ನೋಡು ನನ್ನ ಜಂಬ.

ಮೂರನೆಯದು ಮೆಲ್ಲಗಿನ ಹಾಡು. ಅವನ ತುಟಿ ಆಡುತ್ತಿತ್ತು, ನನಗೆ ದನಿ ಸಿಗಲಿಲ್ಲ. ಸ್ವಲ್ಪ ಏರಿಸಿದೆ. ಆಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಿವಿಗೆ ಕೈ ಇಟ್ಟಳು. ಕತ್ತಲಲ್ಲಿ ಕಂಡಿದ್ದು ಅಷ್ಟೇ. ಅಯ್ಯೋ, ಹಿಂದಕ್ಕೆ ಕೇಳಿಸುತ್ತಿಲ್ಲ ಎಂದು ಇನ್ನಷ್ಟು ಏರಿಸಿದೆ. ಪಕ್ಕದವನೂ ಇಟ್ಟ. ಮತ್ತೆ ಏರಿಸಿದೆ. ನೋಡನೋಡುತ್ತಾ ಇಡೀ ಅಟ್ಟವೇ ಕಿವಿಗೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿತು. ನಾನೋ ಮೂರ್ಖ, ಎಲ್ಲರೂ ಏರಿಸು ಎನ್ನುತ್ತಿದ್ದಾರಲ್ಲ ಎಂದು, ದೀಪ ಕೆಂಪಾದದ್ದನ್ನೂ ನೋಡದೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ.

ಮೈಕ್ ಕಿರುಚುತ್ತಿತ್ತಂತೆ ಕವನಾ. ಚೂಪಾಗಿ, ಕಿವಿ ಸೀಳುವ ಹಾಗೆ, ಮೂರನೇ ಹಾಡಿನ ಶುರುವಿನಿಂದಲೂ. ಕಂಕುಳಲ್ಲಿದ್ದ ಒಂದು ಮಗು ಬಾಯಿ ಅಗಲಿಸಿ ಅಳುವುದು ನನಗೆ ಕಂಡಿತು. ಶಿಲ್ಪಾ ಜನರನ್ನು ದಾಟಿಕೊಂಡು ಓಡಿ ಬಂದು ನನ್ನ ಕೈ ತಳ್ಳಿ ಎಲ್ಲವನ್ನೂ ಕೆಳಗೆಳೆದಳು. “ಅಂಕಲ್, ಏನ್ ಮಾಡ್ತಾ ಇದೀರಾ? ಹೆಂಗ್ ಕಿರುಚ್ತಾ ಇದೆ, ಕೇಳಿಸ್ತಾ ಇಲ್ವಾ ನಿಮ್ಗೆ?” ಎಂದಳು. ಬೈಯುವುದಕ್ಕೆ ಕೇಳಿದ ಮಾತು ಅದು. ನನ್ನ ಮುಖ ನೋಡಿದವಳೇ ನನ್ನ ಭುಜ ಹಿಡಿದುಕೊಂಡು ನಿಂತಳು.

ಫಕೀರೇಶ ಮೈಕನ್ನು ಪಕ್ಕಕ್ಕೆ ಸರಿಸಿ, “ಮುಂದ ಬರ್ರಿ ಎಲ್ಲಾರೂ” ಎಂದು ಕೈ ಮಾಡಿ ಕರೆದ. ಜನ ಚಾಪೆ ಎಳೆದುಕೊಂಡು ಅವನ ಸುತ್ತ ಕೂತರು. ಉಳಿದ ಹಾಡುಗಳನ್ನು ಬರೀ ಗಂಟಲಿನಲ್ಲಿ ಹಾಡಿದ. ಮುಗಿದ ಮೇಲೆ ನನ್ನ ಹತ್ತಿರ ಬಂದು, “ಇರ್ಲಿ ಬಿಡ್ರಿ. ನಮ್ಮಪ್ಪಗೂ ಹಿಂಗ ಆಗೈತಿ. ಗಿರಣಿಯೊಳಗ ದುಡೀತಿದ್ದ” ಎಂದ. ಒಳ್ಳೆಯ ಹುಡುಗ. ಆದರೂ ನನಗೆ ಮೈಯೆಲ್ಲ ಉರಿಯಿತು. ಇವನ ಕನಿಕರ ಯಾರಿಗೆ ಬೇಕಿತ್ತು ಎನ್ನಿಸಿತು. ಟೀ ಕೂಡ ಕುಡಿಯದೆ ಕೆಳಗಿಳಿದು ಬಂದೆ.

ಈಗ ಬೆಳಿಗ್ಗೆ ಶಿಲ್ಪಾ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದಳು. ಅವಳಿಗೆ ಕಿವಿಯ ವಿಷಯವೆಲ್ಲ ಹೇಳಿದೆ. “ಕವನಾಗೆ ನಾನೇ ಹೇಳ್ಲಾ ಅಂಕಲ್?” ಎಂದಳು. ಬೇಡ, ಅರ್ಧ ಬರೆದಿಟ್ಟಿದ್ದೇನೆ ಎಂದೆ. ಆದ್ದರಿಂದ ನಾನೇ ಹೇಳುತ್ತಿದ್ದೇನೆ ಮಗಳೇ. ನಿನ್ನ ಹಾಡಿಗೆ ಸೌಂಡ್ ನಾನು ಮಾಡುವುದಿಲ್ಲ. ನಿನ್ನ ಮೇಲೆ ಕೋಪವಿದ್ದು ಅಲ್ಲ. ಕೀರ್ತನಾ ಮಾಡುತ್ತಾಳೆ, ಅವಳ ಕಿವಿ ಬಂಗಾರ. ಅಟ್ಟದ ಎಡಗಡೆಯ ಗೋಡೆ ದನಿಯನ್ನು ವಾಪಸ್ ಹೊಡೆಯುತ್ತದೆ, ಅದು ನನಗೊಬ್ಬನಿಗೇ ಗೊತ್ತಿರುವುದು. ಅಲ್ಲಿಗೆ ಹಳೆಯ ಶಾಮಿಯಾನದ ಬಟ್ಟೆ ಇಳಿಬಿಡುತ್ತೇನೆ. ನಿನ್ನ ನಾಮಕರಣಕ್ಕೆ ಕಟ್ಟಿದ್ದ ಕೆಂಪು ಪಟ್ಟೆಯದು ಇನ್ನೂ ಇದೆ. ನಾಳೆ ಆ ಚೀಟಿ ಹಿಡಿದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ. ಮಿಷನ್ ಹಾಕಿಕೊಂಡರೆ ನಿನ್ನ ದನಿ ಎಷ್ಟು ಸಿಗುತ್ತದೋ ಅಷ್ಟು ಸಿಗಲಿ.

ಗಂಟಲು ಜೋಪಾನ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಾಳಿಗೆ ಒಡ್ಡಿಕೊಳ್ಳಬೇಡ. ನಿನ್ನ ಜೊತೆಯವರಿಗೂ ಹೇಳು, ಆ ದಿನ ಊಟ ನಮ್ಮ ಮನೆಯಲ್ಲೇ, ಮುದ್ದೆ ಅವರೆಕಾಳು ಸಾರು. ನೂರು ಊರಿನಲ್ಲಿ ಹಾಡು, ಹೋದಲ್ಲೆಲ್ಲ ನಿನ್ನ ದನಿ ಕೊನೆಯ ಸಾಲಿನವರೆಗೂ ಮುಟ್ಟಲಿ ಎಂದು ನಮ್ಮ ಮನೆದೇವರನ್ನು ಬೇಡಿಕೊಂಡಿದ್ದೇನೆ.

ನಿನ್ನ ಅಪ್ಪ,
ಮುನಿರಾಜು

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಮರೆತು ಬಿಟ್ಟಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ದಿನ ನಾನು ದೀಪಾಂಜಲಿ ನಗರಕ್ಕೆ ಹೋಗಿರಲಿಲ್ಲ. ಆ ಪ್ರೋಗ್ರಾಂ ಹಿಂದಿನ ದಿನವೇ ಕ್ಯಾನ್ಸಲ್ ಆಗಿತ್ತು. ನಾನು ಮನೆಯಲ್ಲೇ ಇದ್ದೆ. ಹಾಲಿನಲ್ಲಿ ಕೂತು ಮೈಕಿನ ವೈರ್ ಬೆಸೆಯುತ್ತಿದ್ದೆ. ಅಮ್ಮ ಸ್ನಾನಕ್ಕೆ ಹೋದವಳು ಮುಕ್ಕಾಲು ಗಂಟೆಯಾದರೂ ಬರಲಿಲ್ಲವಲ್ಲ ಎಂದು ಎದ್ದು ಹೋಗಿ ಬಾಗಿಲು ಒಡೆದೆ. ಅವಳ ಕೈಯಲ್ಲಿ ಸ್ಟೀಲ್ ಚೊಂಬು ಇತ್ತು. ಅದರ ಕಂಠವೆಲ್ಲ ನೆಗ್ಗಿಹೋಗಿತ್ತು. ಬಾಗಿಲಿನ ಕೆಳಗಡೆ ಬಣ್ಣ ಎದ್ದಿತ್ತು. ಅವಳು ಬಡಿದಿದ್ದಾಳೆ ಕವನಾ. ನನ್ನನ್ನು ಕೂಗಿದ್ದಾಳೆ. ಹತ್ತು ಹೆಜ್ಜೆ ದೂರದಲ್ಲಿ ನಾನು ಬೆನ್ನು ಹಾಕಿಕೊಂಡು ಕೂತಿದ್ದೆ. ಆಸ್ಪತ್ರೆಯಲ್ಲಿ ನೀನು “ಎಲ್ಲಿಗೆ ಹೋಗಿದ್ದೆ ನೀನು?” ಎಂದು ಕಾಲರ್ ಹಿಡಿದು ಕೇಳಿದಾಗ ಪ್ರೋಗ್ರಾಮಿಗೆ ಎಂದು ಬಾಯಿಗೆ ಬಂತು. ಬಿಟ್ಟುಹೋದವನು ಎಂದು ನೀನು ಬೈದರೆ ತಡೆದುಕೊಳ್ಳುತ್ತಿದ್ದೆ. ಪಕ್ಕದಲ್ಲೇ ಇದ್ದೂ ಕೇಳಿಸಿಕೊಳ್ಳಲಿಲ್ಲ ಎಂದು ನಿನಗೆ ಗೊತ್ತಾಗುವುದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಹದಿಮೂರನೇ ತಾರೀಖು ಕೊನೆಯ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಬೇಕೋ ಬೇಡವೋ, ಶಿಲ್ಪಾಳಿಗೆ ಮೆಸೇಜ್ ಮಾಡು. ನನಗೆ ಫೋನ್ ಮಾಡಬೇಡ. ನೀನು ಅತ್ತರೂ ಬೈದರೂ ನನಗೆ ಕೇಳಿಸುವುದಿಲ್ಲ.