ಆವಿಗೆಯ ಕಡೆಯ ಬೆಂಕಿ

ಅಪ್ಪಾ,

ನೀನು ಹೋದಮೇಲೆ ನಮ್ಮ ಗೊಹುಂಗ್ ಗುಡ್ಡದಲ್ಲಿರುವ, ಮಡಕೆ ಸುಡುವ ಹಾಳು ಆವಿಗೆಯ ಕಾಲ ಕಂಡುಹಿಡಿಯಲು ವಿಜ್ಞಾನಿಗಳು ಬಂದಿದ್ದರು. ಕಡೆಯ ಸಲ ಕಾದು ಆರಿದಾಗ ಭೂಮಿಯ ಕಾಂತಕ್ಷೇತ್ರವಿದ್ದ ದಿಕ್ಕನ್ನು ಸುಟ್ಟ ಮಣ್ಣು ಹಿಡಿದಿಟ್ಟುಕೊಳ್ಳುತ್ತದಂತೆ; ಆ ದಿಕ್ಕು ಕಾಲಕಾಲಕ್ಕೆ ಬದಲಾಗುವುದರಿಂದ ಯಾವಾಗ ಸುಟ್ಟದ್ದೆಂದು ತಿಳಿಯುತ್ತದಂತೆ. ಇವತ್ತು ಅವರ ಮೇಂಗ್ ಮೇಡಂ ಸಿಡುಕುತ್ತಲೇ ಫೋನ್ ಮಾಡಿದರು.

“ಐನೂರು ವರ್ಷದ ಆವಿಗೆ ಕಣ್ರೀ! ಐವತ್ತು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಒಂದು ಮೂಲೇಲಿ ಮತ್ತೆ ಬೆಂಕಿ ಹಾಕಿ ಲೆಕ್ಕ ಕೆಡಿಸಿದಾನೆ.”

“ನಮ್ಮಪ್ಪ,” ಎಂದೆ.

ನಾನು ಹುಟ್ಟಿದ ವಾರ ಅಲ್ಲೇ ನನ್ನ ಬಟ್ಟಲು ಸುಟ್ಟೆ ಎಂದು ನನ್ನ ಪ್ರತಿ ಹುಟ್ಟುಹಬ್ಬಕ್ಕೂ ನೀನು ಹೇಳುತ್ತಿದ್ದೆ. “ಬಿಡಪ್ಪ ಬುರುಡೆ, ಸಂತೇಲಿ ತಂದಿದ್ದು ಅನ್ನು,” ಎಂದು ನಗುತ್ತಿದ್ದೆ ನಾನು. ನೀನು ವಾದಿಸದೆ ಅದರಲ್ಲೇ ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಮಾಡುವ ಕಡಲಪಾಚಿಯ ಸಾರು ಬಡಿಸುತ್ತಿದ್ದೆ.

ನಾಯಿಗೆ ನೀರಿಡುತ್ತಿದ್ದ ಆ ಬಟ್ಟಲನ್ನು ಈಗ ತಿಕ್ಕಿ ತೊಳೆದು ತಂದೆ. ಇವತ್ತು ನನ್ನ ಹುಟ್ಟುಹಬ್ಬವೇನಲ್ಲ. ಆದರೂ ಸಾರು ಕುದಿಯಲಿಟ್ಟಿದ್ದೇನೆ.