ಇಲಿ ತಿಂದ ಕೋಟು

ಅಪ್ಪ,

ಇವತ್ತು ಕೆಸರೆಗೆ ಹೋಗಿದ್ದೆ. ನಿನ್ನ ಜೊತೆ ಪಲ್ಟನ್ನಿನಲ್ಲಿದ್ದ ಹವಾಲ್ದಾರ್ ಮರಿಯಯ್ಯನವರು ಜೀವಮಾನವಿಡೀ ಕೂಡಿಟ್ಟ ಸಮವಸ್ತ್ರ, ಬೂಟು, ಬೆಲ್ಟುಗಳ ಟ್ರಂಕನ್ನು ನನಗೇ ಕೊಡಬೇಕೆಂದು ಸಾಯುವಾಗ ಹೇಳಿದ್ದರಂತೆ. ಅವರ ಹೆಂಡತಿ ಚೆಲುವಮ್ಮ ಮುಚ್ಚಳ ತೆಗೆದರು. ಮೇಲೆಯೇ ನಿನ್ನ ಖಾಕಿ ಕೋಟಿತ್ತು, ಕಾಲರಿನೊಳಗೆ ನಿನ್ನ ನಂಬರು. ಅವತ್ತು ನಾನು ಪಾತ್ರೆ ಮಾರುವವಳಿಗೆ ಕೊಟ್ಟು ಅಲ್ಯೂಮಿನಿಯಂ ಬೋಸಿ ತೆಗೆದುಕೊಂಡು, ನಿನಗೆ ಇಲಿ ತಿಂತು ಎಂದಿದ್ದೆನಲ್ಲ, ಅದೇ ಕೋಟು.

"ನಮ್ಮೋರು ಅವಳ ಹತ್ರ ಬುಡಿಸ್ಕೊಂಡು ಬಂದ್ರು ಕಣಪ್ಪ. ನಿಮ್ಮಪ್ಪ ವಾರವಾರ ಬಂದು ಆಕ್ಕೊಂಡು ಕೂರೋರು. 'ಹುಡ್ಗುನ್ಗೆ ಹೇಳ್ಬ್ಯಾಡಿ, ನೊಂದ್ಕೊಬುಡ್ತಾನೆ' ಅನ್ನೋರು" ಎಂದರು ಚೆಲುವಮ್ಮ.

ಟ್ರಂಕನ್ನು ಸೈಕಲ್ಲಿಗೆ ಕಟ್ಟಿ ತಂದೆ. ಕೋಟನ್ನು, ನೀನು ತೀರಿಕೊಂಡ ಮೇಲೂ ಗೋಡೆಯಲ್ಲೇ ಉಳಿದಿರುವ ನಿನ್ನ ಮೊಳೆಗೇ ನೇತುಹಾಕಿದ್ದೇನೆ. ಅದಕ್ಕೂ ಮುಂಚೆ ಬೆಳಕಿಗೆ ಹಿಡಿದು ನೋಡಿದೆ, ಅಪ್ಪ. ಒಂದು ತೂತೂ ಇಲ್ಲ.