ಒಬ್ಬಳೇ ಉಳಿದವಳ ಸುಳ್ಳು ಕತೆ

ಜೂನ್ ೧೦, ಮಂಗಳವಾರ. ದೋಣಿಮಲೈ.

ಶಾಲೆ ಬಿಟ್ಟಾಗಿನಿಂದ ನಾನು ಮನೆಯಲ್ಲಿ ಒಬ್ಬಳೇ ಮಾತಾಡುತ್ತೇನೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲೆಲ್ಲ ಮಲಗಿರುತ್ತಾನೆ. ಅವನಿಗೆ ಎಚ್ಚರವಾಗದಂತೆ ಪಿಸುದನಿಯಲ್ಲಿ ಮಾತಾಡುತ್ತೇನೆ.

ಇವತ್ತು ಬಾಯಿಬಿಟ್ಟದ್ದು ಆ ಕಾದಂಬರಿಯಿಂದಾಗಿ. ಎದುರು ಕ್ವಾರ್ಟರ್ಸಿನ ಮೇಧಾ ಕೊಟ್ಟದ್ದು. ಜಗತ್ತು ಹಾಳಾದ ಮೇಲೆ ಒಂದು ಊರಿನಲ್ಲಿ ಹುಡುಗಿಯೊಬ್ಬಳೇ ಬದುಕಿ ಉಳಿಯುವ ಕತೆ. ನನ್ನಂಥವಳು ಸಿಗುತ್ತಾಳೆಂದು ಆಸೆಯಿಂದ ಓದಿದೆ. ಅವಳು ತೋಳ ಕೊಲ್ಲುತ್ತಾಳೆ, ಕೆಂಪು ಧೂಳಿನಲ್ಲಿ ದಿನವಿಡೀ ಓಡಿದರೂ ಒಮ್ಮೆಯೂ ಕೆಮ್ಮುವುದಿಲ್ಲ. ಇಲ್ಲಿ ಗಣಿಯ ಧೂಳಿಗೆ ನಾವೆಲ್ಲ ದಿನವೂ ಕೆಮ್ಮುತ್ತೇವೆ. ಧೂಳಿನದು ಹೋಗಲಿ.

ಸಂಜೆ ವಾಪಸ್ ಕೊಡಲು ಹೋದೆ. ಮೇಧಾಳ ತಂದೆಗೆ ವರ್ಗವಾಗಿದೆ. ಅವಳು ಲೋಟಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ಪುಸ್ತಕ ಹೆಂಗದ?" ಅಂದಳು.

"ಚಲೋ ಇಲ್ಲ. ಊರಾಗ ಒಬ್ಬಾಕೀನೇ ಅದಾಳ, ಒಂದು ಸಲನೂ ತನ್ನಷ್ಟಕ್ಕ ತಾನು ಮಾತಾಡಂಗಿಲ್ಲ. ಸುಳ್ಳು."

"ನೀ ಮಾತಾಡ್ತೀಯೇನಲೇ?"

"ಹೂಂ. ಕುಕ್ಕರ್ ಜೊತಿ."

"ಅದೇನಂತದ?"

"ಮೂರು ಸಲ ಕೂಗಿ ಸುಮ್ಮನಾಗತೈತಿ."

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ನಾ ಎದುರಿಗೇ ಇದ್ದೆನಲ್ಲ, ಯಾಕ ಹೇಳ್ಲಿಲ್ಲ?" ಅಂದಳು.

ದಿನವೂ ಬ್ಯಾಗು ಹಾಕಿಕೊಂಡು ಕಾಲೇಜಿನ ಬಸ್ಸು ಹತ್ತುವವಳಿಗೆ ಏನಂತ ಹೇಳುವುದು. ಅವಳು ಒಂದು ಲೋಟ ನನ್ನ ಕೈಗೆ ಕೊಟ್ಟಳು, ನಾನೂ ಸುತ್ತತೊಡಗಿದೆ. ಅಡುಗೆಮನೆ ಪೂರ್ತಿ ಖಾಲಿಯಾಗುವವರೆಗೆ ಮಾತಾಡಿದೆವು. ಇಷ್ಟು ವರ್ಷ ಎದುರುಬದುರು ಇದ್ದೂ ಇಷ್ಟು ಮಾತಾಡಿರಲಿಲ್ಲ. ಇನ್ನೂ ಹೇಳುವುದಿತ್ತು, ಆದರೆ ಅವರಮ್ಮ ಊಟಕ್ಕೆ ಕರೆದರು.

ನಾಳೆ ಬೆಳಿಗ್ಗೆ ಅವರು ಹೊರಡುತ್ತಾರೆ.